ಸವೆದ ಹೊಸಿಲು

"ಈ ಮನೆ ಹೊರಗೆ," ಎಂದು ಸರ್ವೆಗೆ ಬಂದ ಉಚ್ಚಂಗಪ್ಪ ಸಾಹೇಬರು ನಕ್ಷೆಯ ಮೇಲೆ ಪೆನ್ಸಿಲ್ ಎಳೆದಾಗ ಮನೆಯ ಯಜಮಾನ ಮಹೇಶ್ವರಪ್ಪ ಅಡ್ಡ ಕೈ ಚಾಚಿದ.

ಮೈಸೂರು ರಾಜ್ಯ ದೊಡ್ಡದಾದ ಎರಡು ವರ್ಷಕ್ಕೆ ಶಿಕಾರಿಪುರದ ಹಳೇಕೋಟೆ ಕೇರಿಗೆ ಹೊಸ ಹುಕುಂ ಬಂದಿತ್ತು. ನೂರು ವರ್ಷ ದಾಟಿದ ಮನೆಗಳನ್ನು ಒಂದು ಗೆರೆಯೊಳಗೆ ಸೇರಿಸಿ ಹಾಗೇ ಉಳಿಸುವುದು. ಗೆರೆಯ ಹೊರಗಿನವು ಬಸ್ಸಿನ ರಸ್ತೆಗೆ ಹೋಗುತ್ತವೆ.

ತಪ್ಪು ಮಹೇಶ್ವರಪ್ಪನದೇ. ಸಾಹೇಬರು ನೋಡಲು ಬರುತ್ತಾರೆ ಎಂದದ್ದೇ ತಡ, ಮದುವೆ ಮನೆಯಂತೆ ಸುಣ್ಣ ಬಳಿಸಿದ್ದ. ನಾಡಹೆಂಚು ತೆಗೆಸಿ ಮಂಗಳೂರು ಹೆಂಚು ಹೊದಿಸಿದ್ದ. ಕಂಬಗಳ ಕೆತ್ತನೆ ಮುಚ್ಚಿಹೋಗುವಂತೆ ಹಸಿರು ಬಣ್ಣ ಹೊಡೆಸಿದ್ದ. ಸುಣ್ಣವನ್ನೇ ಕಾಣದ ಪಕ್ಕದ ಬೆನಕಪ್ಪನ ಮನೆ ಸಲೀಸಾಗಿ ಒಳಗೆ ಸೇರಿತ್ತು. ಕಾಲ ಮೇಲೆ ಕಲ್ಲು ಎತ್ತಿಹಾಕಿಕೊಳ್ಳಲು ಬೇರೆಯವರು ಬೇಕೇ?

"ನಮ್ಮ ಮುತ್ತಜ್ಜ ಕಟ್ಟಿಸಿದ ಮನಿ ರೀ ಇದು!"

"ಪತ್ರ ಇದೆಯೇನ್ರೀ?"

"ಗೆದ್ದಲು ತಿಂದ್ವು ಸ್ವಾಮಿ."

ಸಾಹೇಬರು ತಲೆಯಾಡಿಸಿ ಹೊರಟರು. ಬಾಗಿಲಲ್ಲಿ ಮಾತ್ರ ನಿಂತುಬಿಟ್ಟರು. ಹೊಸಿಲ ಮರದ ನಡುಭಾಗ ಬೊಗಸೆ ನೀರು ನಿಲ್ಲುವಷ್ಟು ತಗ್ಗಾಗಿತ್ತು.

"ಇಷ್ಟು ಸವೆಯೋಕೆ ಎಷ್ಟು ಜನ ತುಳಿದಿರಬೇಕ್ರೀ!"

"ಶಿವಶಿವಾ, ಹೊಸ್ತಿಲು ಯಾರಾದ್ರೂ ತುಳೀತಾರೇನ್ರೀ?" ಒಳಗಿನಿಂದ ಮಹೇಶ್ವರಪ್ಪನ ಹೆಂಡತಿ ನೀಲಾಂಬಿಕ ತಡೆಯಲಾರದೆ ಅಂದಳು. ಬಣ್ಣದವನು ಹೊಸಿಲು ಮುಟ್ಟಲು ಅವಳು ಬಿಟ್ಟಿರಲಿಲ್ಲ. "ತಿಕ್ಕಿ ತಿಕ್ಕಿ ಸವದೈತ್ರೀ. ದಿನಾ ಬೆಳಿಗ್ಗೆ ನಾರಿನಾಗೆ ತಿಕ್ಕಿ ತೊಳದು ಕೆಮ್ಮಣ್ಣು ಬಳೀತೀವಿ. ನಾ ಬಂದು ಮೂವತ್ತೆಂಟು ವರ್ಷ ಆತು, ಆವಾಗ್ಲೇ ತಗ್ಗಿತ್ತು. ಮುಂಚೆ ನಮ್ಮತ್ತಿ ತಿಕ್ತಿದ್ರು. ಅವರು ಲಗ್ನಾಗಿ ಬಂದಾಗ ಅವರತ್ತಿ ಇದನ್ನೇ ತಿಕ್ಕಂತ ಕುಂತಿದ್ರಂತೆ."

ಸಾಹೇಬರು ಕುಕ್ಕರಗಾಲಲ್ಲಿ ಕೂತು ತಗ್ಗನ್ನು ಸವರಿದರು. ಬೆರಳು ಮಡಚಿ ವರ್ಷಗಳ ಲೆಕ್ಕ ಹಾಕಿದರು; ನೂರು ದಾಟಿತು. ಪೆನ್ಸಿಲ್ ಗೆರೆಯನ್ನು ರಬ್ಬರಿನಿಂದ ಅಳಿಸಿ, ಮನೆಯನ್ನು ಬಳಸಿಕೊಂಡು ಹೊಸದು ಎಳೆದರು. ಪಟ್ಟಿಯಲ್ಲಿ ಪುರಾವೆ ಎಂಬಲ್ಲಿ ಬರೆದರು: 'ಮೂರು ತಲೆಮಾರಿನ ಸೊಸೆಯರು ತಿಕ್ಕಿದ ಹೊಸಿಲು.'

ಮಹೇಶ್ವರಪ್ಪನಿಗೆ ಹೋದ ಜೀವ ಬಂದಂತಾಯಿತು. ಸಾಹೇಬರು ಕೇರಿ ತಿರುಗುವವರೆಗೆ ಕೈ ಮುಗಿದೇ ನಿಂತಿದ್ದ. ಆಮೇಲೆ ಕಣ್ಣೊರೆಸಿಕೊಂಡು ಒಬ್ಬನೇ ನಕ್ಕ.

ಒಳಗೆ ಹೋಗಲು ಎತ್ತಿದ ಕಾಲನ್ನು ಹಿಂದಕ್ಕಿಟ್ಟ. ಹುಟ್ಟಿದಾಗಿನಿಂದ ದಾಟುತ್ತಲೇ ಬಂದಿದ್ದ ಹೊಸಿಲನ್ನು ಅವನು ಅವತ್ತು ಮೊದಲ ಸಲ ಬಗ್ಗಿ ನೋಡಿದ.