ರಕ್ಷಣೆ ಕಳಿಸಿ

ಬಸ್ ಚಾಲಕನ ಶವ ಸಿಕ್ಕಿತೆಂಬ ಸುದ್ದಿ ಬೆಳಿಗ್ಗೆ ಕಚೇರಿಗೆ ಮುಟ್ಟಿದ ಕೂಡಲೇ ನಿರ್ದೇಶಕರು ತಮ್ಮ ಕೋಣೆಗೆ ಒಳಗಿನಿಂದ ಚಿಲಕ ಹಾಕಿಕೊಂಡರು. ಮಧ್ಯಾಹ್ನವಾದರೂ ತೆಗೆಯಲಿಲ್ಲ. ಜವಾನ ಬಾಗಿಲ ಬಳಿ ಇಟ್ಟ ಚಹಾ ಕೆನೆಗಟ್ಟಿತ್ತು.

ಜವಾನ ಈ ಕಟ್ಟಡಕ್ಕೆ ಹೊಸಬ. ನೆರೆ, ಬೆಂಕಿ, ಭೂಕಂಪಗಳನ್ನು ನೋಡಿಕೊಳ್ಳುತ್ತಿದ್ದ ವಿಪತ್ತು ಇಲಾಖೆಯಲ್ಲಿ ತಲೆ ನರೆಸಿಕೊಂಡವನು. ಸರ್ಕಾರ ಅದನ್ನು ಭದ್ರತಾ ಇಲಾಖೆಯೊಳಗೆ ಸೇರಿಸಿದಾಗ ಕುರ್ಚಿ ಕಪಾಟುಗಳ ಜೊತೆಗೆ ಅವನೂ ಬಂದಿದ್ದ. ಬೆಂಚಿನ ಇನ್ನೊಂದು ತುದಿಯಲ್ಲಿ ಬಂದೂಕು ಹಿಡಿದು ಕೂತ ಕಾವಲುಗಾರನನ್ನು ಅಂದೇ ಬೆಳಿಗ್ಗೆ ಬೇರೆಡೆಯಿಂದ ಕರೆಸಿದ್ದರು. ಜನ ರೊಚ್ಚಿಗೆದ್ದಾರೆಂಬ ಭಯ.

“ಎರಡು ಇಲಾಖೆಗೆ ಮದುವೆ ಮಾಡಿಸಿದ್ರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಾ ಅಂತ ಮಾತ್ರ ಯಾರೂ ಕೇಳ್ಲಿಲ್ಲ,” ಎಂದ ಜವಾನ.

ಕಾವಲುಗಾರ ನಗಲಿಲ್ಲ. ನಗುವ ದಿನವೂ ಅಲ್ಲ ಅದು.

ಒಂದೇ ಒಂದು ಪದದಿಂದ ಆದ ಅನಾಹುತ. ಹೊಳೆ ಉಕ್ಕಿ ಬಸ್ಸು ಸೇತುವೆಯ ಮೇಲೆ ಸಿಕ್ಕಿಕೊಂಡಾಗ ಚಾಲಕ ಅವಸರದಲ್ಲಿ ಈ ಕಚೇರಿಗೆ ಕಳಿಸಿದ ಸಂದೇಶ ಇಷ್ಟೇ: ‘ಹೊಳೆ ಸೇತುವೆ. ರಕ್ಷಣೆ ಕಳಿಸಿ.’ ವಿಪತ್ತು ಇಲಾಖೆಯಲ್ಲಿ ರಕ್ಷಣೆ ಎಂದರೆ ದೋಣಿ, ಹಗ್ಗ, ಈಜುಗಾರರು. ಭದ್ರತೆಯವರ ಬಾಯಲ್ಲಿ ರಕ್ಷಣೆ ಎಂದರೆ ಕಾವಲು. ಅದರಲ್ಲಿ ಕಳಿಸಿದವನ ಹೆಸರಿರಲಿಲ್ಲ. ಭದ್ರತೆಯಲ್ಲೇ ಬೆಳೆದ ನಿರ್ದೇಶಕರು ಸೇತುವೆಗೆ ಯಾರೋ ಕೇಡು ಬಗೆದಿದ್ದಾರೆಂದು ತಿಳಿದು ಬಂದೂಕಿನವರನ್ನು ಅಟ್ಟಿದರು. ಅವರು ಬಂದು ಶಿಸ್ತಾಗಿ ದಡದಲ್ಲಿ ನಿಂತರು. ನೀರಿಗಿಳಿಯಲು ಅವರ ಬಳಿ ಒಂದು ಹಗ್ಗವೂ ಇರಲಿಲ್ಲ. ಪ್ರಯಾಣಿಕರನ್ನು ಊರವರೇ ಹೇಗೋ ಎಳೆದುಕೊಂಡರು. ಕೊನೆಯಲ್ಲಿ ಇಳಿಯಬೇಕಾಗಿದ್ದ ಚಾಲಕ ಉಳಿಯಲಿಲ್ಲ.

ಮೆಟ್ಟಿಲ ಕಟಕಟೆ ಹಿಡಿದು ಒಬ್ಬ ಮುದುಕಿ ನಿಧಾನವಾಗಿ ಮೇಲೆ ಬಂದಳು.

“ಅಜ್ಜಿ, ಸಾಹೇಬರು ಇವತ್ತು ಯಾರನ್ನೂ ನೋಡಲ್ಲ,” ಎಂದ ಜವಾನ.

“ನೋಡೋದು ಬೇಡಪ್ಪ. ಕೇಳಿಸಿಕೊಂಡ್ರೆ ಸಾಕು.”

“ನೀವು ಆ ಚಾಲಕನಿಗೆ ಏನಾಗ್ಬೇಕು?”

“ಹೆತ್ತವಳು.”

ಕಾವಲುಗಾರ ಎದ್ದು ನಿಂತ. ಜವಾನ ಕೈಸನ್ನೆಯಿಂದ ತಡೆದ. ಹೆತ್ತ ಹೊಟ್ಟೆ ಶಪಿಸಲು ಬಂದರೆ ಬಂದೂಕು ಏನು ಮಾಡೀತು?

ಆಕೆ ಶಪಿಸಲಿಲ್ಲ. ಬಾಗಿಲಿಗೆ ಅಂಗೈ ಒತ್ತಿ ಕೇಳಿದಳು: “ಅಪ್ಪಾ, ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ?”

ಆಮೇಲೆ ಬಾಗಿಲಿಗೆ ಹಣೆ ಆನಿಸಿದಳು.

“ಅವನನ್ನ ಮನೆಗೆ ತಂದಿದಾರೆ. ಹೆಗಲು ಕೊಡೋಕೆ ಒಬ್ಬ ಕಮ್ಮಿ. ನೀನು ಬರಬೇಕು.”

ಜವಾನ ಬೆಂಚಿನಿಂದ ಎದ್ದ. ಕೊಂದವನ ಹೆಗಲಿಗೇ ಹೆಣ ಹೊರಿಸಲು ಬಂದಿದ್ದಾಳೆ ಈಕೆ. ಇದಕ್ಕಿಂತ ಎರಡು ಹಿಡಿ ಮಣ್ಣು ತೂರಿ ಹೋಗಿದ್ದರೆ ಹಗುರವಾಗುತ್ತಿತ್ತು.

“ಯಾವ ಮುಖ ಹೊತ್ಕೊಂಡು ಬರ್ಲಿ, ಅಮ್ಮಾ?” ಒಳಗಿನ ದನಿ ಒಡೆದಿತ್ತು. “ಅವನು ಕೈ ಚಾಚಿದ. ನಾನು ಬಂದೂಕು ಕಳಿಸಿದೆ.”

“ಇರೋ ಮುಖಾನೇ ಹೊತ್ಕೊಂಡು ಬಾ. ನೀನು ಬರದೆ ಅವನನ್ನ ಎತ್ತೋಕೆ ನಾನು ಬಿಡಲ್ಲ.”

ಚಿಲಕ ಸರಿಯಿತು. ನಿರ್ದೇಶಕರು ಹೊಸ್ತಿಲಲ್ಲಿ ನಿಂತರು, ಅತ್ತು ಊದಿದ ಕಣ್ಣು, ಬರಿಗಾಲು.

ಜವಾನ ಅಡ್ಡ ಬಂದ. “ಬೇಡಿ ಸಾಹೇಬ್ರೇ. ಆ ಮನೆ ಮುಂದೆ ಜನ ಸೇರಿರ್ತಾರೆ. ಕಲ್ಲು ಎತ್ತಿದ್ರೆ?”

“ನನ್ನ ಮನೆ ಬಾಗಿಲಲ್ಲಿ ಯಾರೂ ಕಲ್ಲು ಎತ್ತಲ್ಲ,” ಎಂದಳು ಮುದುಕಿ. ಅವರ ತೋಳು ಹಿಡಿದು ಮೆಟ್ಟಿಲ ಕಡೆ ನಡೆಸಿದಳು. ಆಕೆ ಅವರಿಗೆ ಆಸರೆಯೋ, ಅವರು ಆಕೆಗೋ, ಹಿಂದೆ ನಿಂತ ಜವಾನನಿಗೆ ತಿಳಿಯಲಿಲ್ಲ.

ತಿರುವಿನ ಕಿಟಕಿಯ ಬಳಿ ಆಕೆ ನಿಂತಳು. ಹಿಡಿದ ತೋಳು ಬಿಡದೆ, ಹೊರಗಿನ ಬೆಳಕಿಗೆ ಮುಖವೊಡ್ಡಿ ಕಣ್ಣು ಮುಚ್ಚಿದಳು.

“ದೇವರೇ, ನನ್ನ ಚಿಕ್ಕ ಮಗ ಇವತ್ತು ಅವನಣ್ಣನ ಹೆಗಲ ಮೇಲೆ ನಿನ್ನ ಹತ್ತಿರ ಬರ್ತಾ ಇದಾನೆ, ಅವನಿಗೆ ಶಾಂತಿ ಕೊಡು.”