ಮಾಸ್ಟ್ರ ಕೊನೆಯ ಬನ್ಸ್

ಮುಂಬೈ ಕಡೆಯ ಘಣಸೋಲಿಯ ನನ್ನ ಹೋಟೆಲಿನಲ್ಲಿ ಬನ್ಸ್ ಕರಿಯುವಾಗ ಏಳುವ ಬಾಳೆಹಣ್ಣಿನ ವಾಸನೆಗೆ ಅಲ್ಲೇ ಹತ್ತಿರದ ಕಲ್ಯಾಣದಲ್ಲಿ ಅಪ್ಪನ ಹೋಟೆಲಿದ್ದಾಗಿನ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ಮನೆಯಲ್ಲಿ ಕಾಲೇಜು ಕಂಡವರಿರಲಿಲ್ಲ. ಆದರೂ ಕಲ್ಯಾಣದ ಆ ಹೋಟೆಲಿನ ಹಿಂದಿದ್ದ ಕಾಲೇಜಿನ ಫುಟ್‌ಬಾಲ್ ತಂಡವನ್ನು ಅಪ್ಪ ‘ನಮ್ಮ ಟೀಮು’ ಎನ್ನುತ್ತಿದ್ದರು. ಆ ವರ್ಷ ಅದು ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಅಂದೂ ಸೋತರೆ ಕೋಚ್ ಮಾಸ್ಟ್ರ ಕೆಲಸ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಮಾಸ್ಟ್ರು ನಮ್ಮ ಉಡುಪಿ ಕಡೆಯವರೇ. ದಿನಾ ತಿಂಡಿ ನಮ್ಮಲ್ಲೇ.

ಅಪ್ಪ ಮೈದಾನದ ತಂತಿಬೇಲಿ ಹಿಡಿದು ಕೂಗುತ್ತಲೇ ಇದ್ದರು. “ಆ ಹುಡುಗನ ಕಾಲಿಗೆ ಇಡ್ಲಿಹಿಟ್ಟು ಮೆತ್ತಿದ್ದೀರಾ ಮಾಸ್ಟ್ರೇ? ಬದಲಿ ಮಾಡಿ ಮಾರಾಯ್ರೆ!” ಕೋಚನ್ನು ಕಿತ್ತುಹಾಕಿ ಎಂದು ಸುತ್ತಲಿನವರು “ಕೋಚ್ ಹಟಾವ್” ಕೂಗಿದರು. ಅಪ್ಪನೂ ದನಿಗೂಡಿಸಿದರು. ತಂಡ ಮತ್ತೆ ಸೋತಿತು.

ಪಂದ್ಯ ಮುಗಿದ ಮೇಲೆ ಮಾಸ್ಟ್ರು ಎಂದಿನಂತೆ ಬಂದು ಕೂತರು. ಬಿಸಿ ಬನ್ಸನ್ನು ಅಪ್ಪ ತಾವೇ ತಂದಿಟ್ಟರು.

“ಗಂಟಲು ಕೂತಿದೆಯಲ್ಲ ಭಟ್ರೇ, ಬಿಸಿನೀರು ಕುಡೀರಿ,” ಎಂದರು ಮಾಸ್ಟ್ರು.

ತಿಂದು, ಕೈತೊಳೆದು, ಬಾಗಿಲಲ್ಲಿ ನಿಂತು, “ಹೋಗ್ತೇನೆ” ಎಂದರು.

ಹೊರಡುವಾಗ ಯಾರಾದರೂ ಹಾಗೆಂದರೆ, “ಬರ್ತೇನೆ ಅನ್ನಬೇಕು” ಎಂದು ಅಪ್ಪ ಗದರುತ್ತಿದ್ದರು. ಅಂದು ಮಾತ್ರ ಒರೆಸಿದ್ದ ಮೇಜನ್ನೇ ಮತ್ತೆ ಒರೆಸತೊಡಗಿದರು.