ಇನ್ನೊಂದು ಪದರ

ಪ್ರತಿ ಯುಗಾದಿಗೂ ಭೂಮಿಯ ಸೆಳೆತ ತುಸು ಹೆಚ್ಚುತ್ತಿತ್ತು. ಈ ಸಲ ರೇಡಿಯೊದವರು ಪೇಟೆ ಧಾರಣೆ ಓದಿದ ಮೇಲೆ ಹೊಸ ಸೆಳೆತದ ಲೆಕ್ಕವನ್ನೂ ಓದಿ, ಸಣ್ಣ ವಿಮಾನಗಳು ಮೇಲೇಳುವುದು ಇದೇ ಕೊನೆಯ ವರ್ಷ ಎಂದರು. ರಾಣೆಬೆನ್ನೂರಿನ ಡ್ರಾಯಿಂಗ್ ಮಾಸ್ತರ ಗುರುಬಸಪ್ಪ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಶೆಡ್ಡಿಗೆ ಓಡಿದ.

ಹನ್ನೊಂದು ವರ್ಷದ ರಜೆಯನ್ನೆಲ್ಲ ಸುರಿದು, ಫೈಬರ್ ಬಟ್ಟೆಗೆ ರೆಸಿನ್ ಅಂಟು ಹಚ್ಚಿ ಕಟ್ಟಿದ ಎರಡು ಸೀಟಿನ ವಿಮಾನ ಅಲ್ಲಿತ್ತು. ಭಾರಕ್ಕೆ ರೆಕ್ಕೆ ಮುರಿದೀತೆಂದು ಅವನು ವರ್ಷವೂ ಇನ್ನೊಂದು ಪದರ ಹಚ್ಚುತ್ತಿದ್ದ. ಈಗಲೂ ಬ್ರಶ್ ಅದ್ದಿದ.

"ಮೊದಲ ತೂಕಾ ಮಾಡ್ರಿ," ಎಂದಳು ಹಿಂದೆಯೇ ಬಂದ ಹೆಂಡತಿ ಸುವರ್ಣಾ. ವಿಮಾನ ಹಾರಿಸುವುದನ್ನು ಇಬ್ಬರೂ ಜೊತೆಗೇ ಕಲಿತಿದ್ದರು.

ತೂಗಿ, ನಕ್ಷೆಯಲ್ಲಿದ್ದ ತೂಕ ಕಳೆದರು. ಹೆಚ್ಚಿಗೆ ಹಚ್ಚಿದ ಪದರಗಳೇ ಎಪ್ಪತ್ತೆರಡು ಕಿಲೊ. ಗುರುಬಸಪ್ಪನೂ ಎಪ್ಪತ್ತೆರಡು ಕಿಲೊ.

"ನನ್ನ ಸೀಟಿನ್ಯಾಗ ನಾ ಆಗಲೇ ಕುಂತಬಿಟ್ಟೇನಲ್ಲ," ಎಂದು ಅವನು ಸ್ಟೂಲಿನ ಮೇಲೆ ಕುಸಿದ. "ಇನ್ನ ನಿನ್ನೊಬ್ಬಾಕಿನ್ನಷ್ಟ ಎತ್ತತೈತಿ."

ಸುವರ್ಣಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದಿನ ಸೀಟಿಗೆ ಏರಿದಳು. ಅವನು ಅವಳ ಬೆಲ್ಟು ಬಿಗಿದ, ಬಿಚ್ಚಿದ, ಮತ್ತೆ ಬಿಗಿದ. ಹಿಂದೆ ಸರಿದು ರೆಕ್ಕೆ ಸವರಿದ.

"ಇಲ್ಲೊಂಚೂರು ತೆಳ್ಳಗ ಅನಸ್ತೈತಿ. ಐದ ನಿಮಿಷ ತಡಿ, ಒಂದ ಪದರ..."

"ಶೆಡ್ಡಿನ ಬಾಗಲಾ ತಗೀರಿ," ಎಂದು ಸುವರ್ಣಾ ಎಂಜಿನ್ ಚಾಲೂ ಮಾಡಿದಳು.